ಹತ್ತು ಮಾರ್ಕಿನ ಪ್ರಶ್ನೆ, ಏಳನೇ ನಂಬ್ರದ ಫಾರಂ

(ಉಡುಪಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೂ ಊರವರಿಗೂ ಒಟ್ಟಿಗೆ ಕೊಟ್ಟ ಉಪನ್ಯಾಸ ಇದು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ಹಾಗೇ ಬಿಟ್ಟಿದ್ದೇನೆ, ಕೇಳಿದವರಿಗೆ ನೆನಪಿರುವುದು ಹೆಚ್ಚಾಗಿ ಅವೇ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಕರೆಯಲು ಫೋನ್ ಮಾಡಿದ ಮೇಡಂ ವಿಷಯ ಹೇಳಿದಾಗ ನನಗೆ ನಗು ಬಂತು. ‘ರಾಜ್ಯಶಾಸ್ತ್ರಕ್ಕೂ ಇತರ ಶಾಸ್ತ್ರಗಳಿಗೂ ಇರುವ ಸಂಬಂಧ’. ಮೂವತ್ತು ವರ್ಷ ಇದನ್ನು ಕ್ಲಾಸಿನಲ್ಲಿ ಬರೆಸಿದ್ದೇನೆ. ಮೊದಲ ವರ್ಷದ ಬಿ.ಎ., ಮೊದಲ ಅಧ್ಯಾಯ, ಹತ್ತು ಮಾರ್ಕಿನ ಪ್ರಶ್ನೆ. ಉತ್ತರ ಇಲ್ಲಿ ಕೂತಿರುವ ಮಕ್ಕಳಿಗೆ ಬಾಯಿಪಾಠ. ಇತಿಹಾಸಕ್ಕೆ ಐದು ಸಾಲು, ಅರ್ಥಶಾಸ್ತ್ರಕ್ಕೆ ಐದು ಸಾಲು, ಸಮಾಜಶಾಸ್ತ್ರ, ನೀತಿಶಾಸ್ತ್ರ, ಮನಃಶಾಸ್ತ್ರ, ಭೂಗೋಳ. ಇತಿಹಾಸದ ಹತ್ತಿರ ಬಂದಾಗ ಸೀಲಿ ಎಂಬ ಇಂಗ್ಲೆಂಡಿನ ಇತಿಹಾಸ ಪ್ರೊಫೆಸರರ ಬೇರು ಮತ್ತು ಹಣ್ಣಿನ ಮಾತು ಬರಲೇಬೇಕು: ಇತಿಹಾಸವಿಲ್ಲದ ರಾಜ್ಯಶಾಸ್ತ್ರಕ್ಕೆ ಬೇರಿಲ್ಲ, ರಾಜ್ಯಶಾಸ್ತ್ರವಿಲ್ಲದ ಇತಿಹಾಸಕ್ಕೆ ಹಣ್ಣಿಲ್ಲ. ಸೀಲಿ ಹೆಸರು ಬರೆದವರಿಗೆ ನಾನು ಒಂದು ಮಾರ್ಕು ಜಾಸ್ತಿ ಕೊಡುತ್ತಿದ್ದೆ. ಈಗ ರಿಟೈರ್ ಆಗಿದ್ದೇನೆ, ಒಪ್ಪಿಕೊಳ್ಳಬಹುದು.

ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಮದುವೆ ಮನೆಯಲ್ಲಿ ಪರಿಚಯ ಮಾಡಿಸಿದ ಹಾಗೆ. ಇವರು ಹುಡುಗಿ ಕಡೆಯವರು, ಇವರು ಹುಡುಗನ ದೊಡ್ಡಪ್ಪ, ಬನ್ನಿ ಊಟಕ್ಕೆ. ಸಂಬಂಧ ಇದೆ ಎಂದು ಗೊತ್ತಾಗುತ್ತದೆ. ಅವರ ನಡುವೆ ಯಾರಿಗೆ ಯಾರ ಸಾಲ ಇದೆ, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಅದು ಗೊತ್ತಾಗುವುದಿಲ್ಲ.

ಹಾಗಾಗಿ ಇವತ್ತು ಪಟ್ಟಿ ಬೇಡ. ಒಂದು ಕಾಗದದ ಕಥೆ ಹೇಳುತ್ತೇನೆ. ಹಿರಿಯರಿಗೆ ಹೆಸರು ಹೇಳಿದರೆ ಸಾಕು: ಫಾರಂ ನಂಬ್ರ ಏಳು.

ಕರ್ನಾಟಕದ ಭೂಸುಧಾರಣೆ ಕಾನೂನು 1961ರದ್ದು. ಆದರೆ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಮಾಡಿದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಅದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಒಕ್ಕಲು ಏಳನೇ ನಂಬ್ರದ ಫಾರಂ ತುಂಬಿ ‘ಈ ಗದ್ದೆ ನಾನು ಮಾಡುತ್ತಿದ್ದೇನೆ’ ಎಂದು ಹೇಳಿಕೊಳ್ಳಬೇಕು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ತೀರ್ಮಾನ ಮಾಡಲು ತಾಲೂಕುಗಳಲ್ಲಿ ಟ್ರಿಬ್ಯೂನಲ್. ಅಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ನೇಮಿಸಿದ ಊರಿನ ಜನರೂ ಕೂರುತ್ತಿದ್ದರು. ವಕೀಲರು ಬಂದು ವಾದ ಮಾಡುವ ಹಾಗಿರಲಿಲ್ಲ.

ನನಗೆ ಆಗ ಹದಿನಾರು. ಕಾರ್ಕಳ ತಾಲೂಕಿನ ಒಂದು ಹಳ್ಳಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆಸುಪಾಸಿನ ಒಕ್ಕಲುಗಳ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಜಗಲಿಯಲ್ಲಿ ಕೂತು ಬರೆಯುತ್ತಿದ್ದೆ. ಸರ್ವೆ ನಂಬ್ರ, ಎಕ್ರೆ, ಸೆಂಟ್ಸ್, ಧಣಿಗಳ ಹೆಸರು, ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಕಟ್ಟು) ಗೇಣಿ. ಸುಮಾರು ಜನರಿಗೆ ತಮ್ಮ ಗದ್ದೆಯ ಹೆಸರು ಗೊತ್ತು, ಸರ್ವೆ ನಂಬ್ರ ಗೊತ್ತಿಲ್ಲ. ಅದಕ್ಕೆ ಗ್ರಾಮದ ಲೆಕ್ಕದವರ ಹತ್ತಿರ ಹೋಗಬೇಕು. ಲೆಕ್ಕದವರು ಧಣಿಗಳ ಮನೆಯ ಜಗಲಿಯಲ್ಲೇ ಕಾಫಿ ಕುಡಿಯುವವರು. ಸಮಸ್ಯೆ ಅರ್ಥವಾಯಿತಲ್ವಾ?

ನನ್ನ ಅಮ್ಮನ ಸೋದರಮಾವ ಒಬ್ಬರಿದ್ದರು. ನಾವು ಮಕ್ಕಳು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದದ್ದು. ಒಂದು ಎಕ್ರೆ ಚಿಲ್ಲರೆ ಬೈಲು ಗದ್ದೆ ಚಾಲಗೇಣಿಗೆ ಮಾಡುತ್ತಿದ್ದರು. ಊರಿನವರ ಫಾರಂ ಎಲ್ಲ ನಾನು ತುಂಬಿದೆ, ಅಜ್ಜ ಮಾತ್ರ ಬರಲಿಲ್ಲ. ಕೇಳಿದರೆ, “ಆ ಮನೆಯ ಗಂಜಿ ಕುಡಿದಿದ್ದೇನೆ ಮಾರಾಯ. ಅವರ ಮೇಲೆ ಕಾಗದ ಬರೆಯುವುದಾ?” ಎಂದರು. ಅಮ್ಮ ಹೇಳಿದಳು, ನೆರೆಯವರು ಹೇಳಿದರು, ಕೆಂಪು ಬಾವುಟದವರು ಬಂದು ಹೇಳಿದರು. ಅಜ್ಜ ಕೇಳಲಿಲ್ಲ. ಒಂದಲ್ಲ ಎರಡಲ್ಲ, ಐದು ವರ್ಷ.

ಅಜ್ಜನನ್ನು ಅಲ್ಲೇ ಕೂರಿಸಿ ಸ್ವಲ್ಪ ಹಿಂದೆ ಹೋಗೋಣ. ಈಗ ಒಬ್ಬೊಬ್ಬರೇ ಶಾಸ್ತ್ರದವರನ್ನು ಆ ಜಗಲಿಗೆ ಕರೆಯುತ್ತೇನೆ.

ಮೊದಲು ಇತಿಹಾಸದವರು. ಅವರಿಲ್ಲದೆ ಆ ಫಾರಂನ ಒಂದು ಕಾಲಂ ಕೂಡ ಅರ್ಥವಾಗುವುದಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವರು ಹಳೆಯ ಲೆಕ್ಕಪತ್ರ ತೆಗೆಸಿ ನೋಡಿ, ಇಲ್ಲಿ ಭೂಮಿಗೆ ವಂಶಪಾರಂಪರ್ಯದ ಖಾಸಗಿ ಒಡೆತನ ಬಹಳ ಹಿಂದಿನಿಂದ ಇದೆ ಎಂದು ಮದ್ರಾಸಿಗೆ ಬರೆದರು. ಸರ್ಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಅವನ ಕೆಳಗೆ ಮೂಲಗೇಣಿಯವನು, ಗೇಣಿ ನಿಗದಿ, ಏಳಿಸುವ ಹಾಗಿಲ್ಲ. ಅವನಿಗೂ ಕೆಳಗೆ ಚಾಲಗೇಣಿಯವನು. ಧಣಿಗೆ ಮನಸ್ಸಿದ್ದಷ್ಟು ದಿನ ಗದ್ದೆ, ಮನಸ್ಸು ಬದಲಾದರೆ ಇಲ್ಲ. ಅಜ್ಜ ಇದ್ದದ್ದು ಆ ಮೂರನೇ ಮೆಟ್ಟಿಲಲ್ಲಿ. ತೀರ್ವೆ ವಿಷಯ ತಮಾಷೆಯದ್ದಲ್ಲ. 1837ರಲ್ಲಿ ಸುಳ್ಯದ ಕಡೆಯ ರೈತರು ದಂಡು ಕಟ್ಟಿ ಮಂಗಳೂರಿನವರೆಗೆ ಬಂದರಲ್ಲ, ಅದಕ್ಕೆ ಒಂದು ದೊಡ್ಡ ಕಾರಣ ತೆರಿಗೆಯನ್ನು ನಗದಾಗಿಯೇ ಕೊಡಬೇಕೆಂಬ ಕಂಪನಿಯ ಹಟ. ಕೊಡಗಿನ ಅರಸರ ಕಾಲದಲ್ಲಿ ಬೆಳೆಯಲ್ಲೇ ಕೊಟ್ಟು ಅಭ್ಯಾಸವಾಗಿತ್ತು. ಅವರು ಬಾವುಟ ಏರಿಸಿದ ಮಂಗಳೂರಿನ ಬಾವುಟಗುಡ್ಡೆಯ ದಾರಿಯಲ್ಲಿ ಹೋಗುವಾಗ ನೆನಪು ಮಾಡಿಕೊಳ್ಳಿ.

ಅರ್ಥಶಾಸ್ತ್ರದವರು ಬಂದರೆ ಗೇಣಿ ಎಷ್ಟು, ಇಳುವರಿ ಎಷ್ಟು ಎಂದು ಕೇಳುತ್ತಾರೆ. ನಾಳೆ ಗದ್ದೆ ಕೈಯಲ್ಲಿರುತ್ತದೋ ಇಲ್ಲವೋ ಎಂಬ ಭಯ ಇದ್ದವನು ಬದು ಕಟ್ಟುತ್ತಾನಾ, ಬಾವಿ ತೋಡುತ್ತಾನಾ, ತೆಂಗಿನ ಸಸಿ ಇಡುತ್ತಾನಾ? ಒಳ್ಳೆಯ ಪ್ರಶ್ನೆ. ಕಾನೂನಿನವರು ಬಂದರೆ, ಗೇಣಿಚೀಟು ಇದೆಯಾ, ಸಾಕ್ಷಿ ಯಾರು ಎನ್ನುತ್ತಾರೆ. ಬಾಯಿಮಾತಿನ ಗೇಣಿಗೆ ಚೀಟು ಎಲ್ಲಿಂದ ತರುವುದು? ಸಮಾಜಶಾಸ್ತ್ರದವರು ಧಣಿಯ ಜಾತಿ ಯಾವುದು, ಒಕ್ಕಲಿನ ಜಾತಿ ಯಾವುದು ಎಂದು ಕೇಳುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾರೆ, ಆದರೆ ಕೇಳಲೇಬೇಕಾದ್ದು.

ಮಾನವಶಾಸ್ತ್ರದವರನ್ನು ನಾನು ಮೊದಲು ಕಡೆಗಣಿಸಿದ್ದೆ, ಈಗ ಅವರ ಮೇಲೆ ನನಗೆ ಜಾಸ್ತಿ ಗೌರವ. ಯಾಕೆಂದರೆ ನಮ್ಮಲ್ಲಿ ಗದ್ದೆ ಬರೀ ಗದ್ದೆ ಅಲ್ಲ. ಅದಕ್ಕೊಂದು ದೈವ ಇದೆ. ಗುತ್ತಿನ ಮನೆ, ಅಂದರೆ ಊರಿನ ಹಳೆಯ ಯಜಮಾನಿಕೆಯ ಮನೆ, ಇದೆ. ದೈವಾರಾಧನೆಯ ಕೋಲದಲ್ಲಿ ಯಾರಿಗೆ ಮೊದಲ ಗೌರವ, ಯಾರು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಇದೆ. ಕೋರ್ಟಿಗೆ ಹೋಗದ ಎಷ್ಟೋ ತಕರಾರು ದೈವದ ಮುಂದೆ ತೀರುತ್ತವೆ. ದೈವ ನುಡಿ ಕೊಟ್ಟ ಮೇಲೆ ಎರಡು ಮಾತಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. 1949ರ ಮದ್ರಾಸ್ ಅಳಿಯಸಂತಾನ ಕಾನೂನು ಕವರು, ಅಂದರೆ ತಾಯಿಯ ಕಡೆಯ ಕವಲುಗಳ ಲೆಕ್ಕದಲ್ಲಿ ಪಾಲಿಗೆ ದಾರಿ ಮಾಡಿಕೊಟ್ಟಿತು. ಹಾಗಾದರೆ ಫಾರಂನಲ್ಲಿ ಧಣಿ ಎಂದು ಯಾರ ಹೆಸರು ಬರೆಯುವುದು? ಯಜಮಾನರದ್ದಾ, ಅವರ ಅಕ್ಕನದ್ದಾ? ಹದಿನಾರು ವರ್ಷದ ನನಗೆ ತಲೆಬುಡ ಗೊತ್ತಾಗದೆ ಎರಡೂ ಹೆಸರು ಬರೆದು ಬೈಸಿಕೊಂಡದ್ದು ಉಂಟು.

ಇಷ್ಟೆಲ್ಲ ಆದ ಮೇಲೆ ರಾಜ್ಯಶಾಸ್ತ್ರದವನಿಗೆ ಉಳಿಯುವುದೇನು? ಅವನಿಗೆ ಎರಡೇ ಪ್ರಶ್ನೆ. ಇದನ್ನು ತೀರ್ಮಾನ ಮಾಡಿದವರು ಯಾರು? ಉಳಿದವರು ಯಾಕೆ ಒಪ್ಪಿದರು?

ಮೊದಲನೆಯದು ನೋಡಿ. ಕಾನೂನು 1961ರಲ್ಲೇ ಇತ್ತು. 1974ರವರೆಗೆ ಯಾಕೆ ಕಾಯಬೇಕಾಯಿತು? ಬೆಳೆ, ಇಳುವರಿ, ಗೇಣಿ ಯಾವುದೂ ಅಷ್ಟರಲ್ಲಿ ತಲೆಕೆಳಗಾಗಲಿಲ್ಲ. ಬದಲಾದದ್ದು ವಿಧಾನಸೌಧದ ಲೆಕ್ಕ. ಅರಸು ಅವರು ಭೂಮಿ ಇದ್ದ ದೊಡ್ಡ ಜಾತಿಗಳ ಬೆಂಬಲವನ್ನೇ ನಂಬಿ ಕೂರದೆ, ಹಿಂದುಳಿದವರನ್ನು, ದಲಿತರನ್ನು, ಅಲ್ಪಸಂಖ್ಯಾತರನ್ನು ಸೇರಿಸಿ ಹೊಸ ಕೂಟ ಕಟ್ಟಿದರು. ಹಿಂದುಳಿದ ವರ್ಗಗಳ ಹಾವನೂರು ಆಯೋಗ ನೇಮಿಸಿದ್ದೂ ಅವರೇ, 1972ರಲ್ಲಿ. ಭೂಸುಧಾರಣೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಅದೇ ಕಾನೂನು ರಾಜ್ಯದ ಎಲ್ಲ ಕಡೆ ಒಂದೇ ಥರ ನಡೆಯಲೂ ಇಲ್ಲ. ಇಲ್ಲಿ ಗೇಣಿದಾರರು ಜಾಸ್ತಿ, ಓದುಬರಹ ಬಲ್ಲವರು ಜಾಸ್ತಿ, ರೈತ ಸಂಘಟನೆ ಮೊದಲೇ ಇತ್ತು. ಹಾಗಾಗಿ ಕರಾವಳಿಯಲ್ಲಿ ಅದು ಕೆಲಸ ಮಾಡಿತು.

ಎರಡನೆಯದು ಅಜ್ಜನ ಪ್ರಶ್ನೆ. ಕಾನೂನು ಅವರ ಪರ, ಸರ್ಕಾರ ಅವರ ಪರ, ಫಾರಂ ಪುಕ್ಕಟೆ ಬರೆದುಕೊಡಲು ಮೊಮ್ಮಗ ರೆಡಿ. ಆದರೂ ಯಾಕೆ ಬರಲಿಲ್ಲ? ಲಾಭನಷ್ಟದ ಲೆಕ್ಕ ಹಿಡಿದು ನೋಡುವವರಿಗೆ ಅಜ್ಜ ದಡ್ಡ. ಅವರು ದಡ್ಡರಲ್ಲ, ಸಂತೆಯಲ್ಲಿ ಎತ್ತು ಕೊಳ್ಳುವಾಗ ಅವರನ್ನು ಯಾರೂ ಮೋಸ ಮಾಡಿದ್ದಿಲ್ಲ. ಮುಂದೆ ಎಂ.ಎ. ಓದುವಾಗ ಮ್ಯಾಕ್ಸ್ ವೇಬರ್ ಸಿಕ್ಕಿದರು. ಅವರನ್ನು ಸಮಾಜಶಾಸ್ತ್ರದವರು ತಮ್ಮವರು ಎನ್ನುತ್ತಾರೆ, ನಾವೂ ಬಿಡುವುದಿಲ್ಲ. ಜನ ಅಧಿಕಾರವನ್ನು ಸರಿ ಎಂದು ಒಪ್ಪುವುದಕ್ಕೆ ಅವರು ಮೂರು ದಾರಿ ಹೇಳುತ್ತಾರೆ: ಹಿಂದಿನಿಂದ ನಡೆದು ಬಂದದ್ದು ಎಂದು, ಆ ಮನುಷ್ಯನ ವರ್ಚಸ್ಸು ನೋಡಿ, ಕಾನೂನು ಹೇಳುತ್ತದೆ ಎಂದು. ಮೈಸೂರಿನ ಕ್ಲಾಸ್ ರೂಮಿನಲ್ಲಿ ಕೂತು ಅದನ್ನು ಬರೆದುಕೊಳ್ಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಗಂಜಿಯ ಮಾತು. ಒಂದೇ ಊರಿನಲ್ಲಿ ಮೂರು ಥರದ ಅಧಿಕಾರ ಒಟ್ಟಿಗೆ ನಿಂತಿತ್ತು. ಧಣಿಗಳದ್ದು ಒಂದು, ಗೋಡೆ ಮೇಲಿನ ಚಿತ್ರದಲ್ಲಿ ನಗುತ್ತಿದ್ದ ಅರಸು ಅವರದ್ದು ಒಂದು, ನನ್ನ ಕೈಯಲ್ಲಿದ್ದ ಫಾರಂನದ್ದು ಒಂದು. ಅಜ್ಜ ಮೊದಲನೆಯದನ್ನೇ ಹಿಡಿದುಕೊಂಡಿದ್ದರು.

ಫಾರಂ ಕೊಡಲು ಕೊನೆಯ ದಿನ 1979ರ ಜೂನ್ 30ಕ್ಕೆ ಬಂದು ನಿಂತಿತ್ತು. ನಾನು ರಜೆಗೆ ಊರಿಗೆ ಬಂದಿದ್ದೆ. ಒಂದು ಸಂಜೆ ಮಳೆಯಲ್ಲಿ ನೆನೆದುಕೊಂಡು ಅಜ್ಜ ಬಂದರು. “ಬರೆ ಮಗಾ” ಅಂದರು. ಏನಾಯಿತು ಎಂದು ಕೇಳಿದೆ. “ಧಣಿಗಳೇ ಹೇಳಿದರು. ನೀನು ಬರೆಸದಿದ್ದರೆ ಬೇರೆ ಯಾರೋ ಬಂದು ತಿನ್ನುತ್ತಾನೆ, ನೀನೇ ಬರೆಸು ಅಂದರು.”

ಧಣಿಯ ಭೂಮಿಯನ್ನು ಅಜ್ಜ ಧಣಿಯ ಅಪ್ಪಣೆ ಪಡೆದೇ ತೆಗೆದುಕೊಂಡರು. ಇದನ್ನು ಯಾವ ಶಾಸ್ತ್ರದ ಯಾವ ಅಧ್ಯಾಯದಲ್ಲಿ ಇಡುತ್ತೀರಿ?

ಇಲ್ಲಿ ಒಂದು ಅಡ್ಡಮಾತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ನಮ್ಮ ಶಾಸ್ತ್ರದವರಿಗೆ ವಿಜ್ಞಾನಿಗಳ ಹಾಗೆ ಕಾಣಬೇಕೆಂಬ ಆಸೆ ಬಂತು. ಅಳೆಯಬಹುದಾದದ್ದನ್ನೇ ಓದಬೇಕು ಎಂದರು. ಸಂಖ್ಯಾಶಾಸ್ತ್ರದಿಂದ ಸರ್ವೆ ಬಂತು, ಮನಃಶಾಸ್ತ್ರದಿಂದ ಪ್ರಶ್ನಾವಳಿ ಬಂತು. ಅದರಿಂದ ಲಾಭವೂ ಆಯಿತು, ಮತದಾರನ ಬಗ್ಗೆ ಸುಮ್ನೆ ಊಹೆ ಮಾಡುವುದು ಕಡಿಮೆಯಾಯಿತು. ಆದರೆ ಅಂಥ ಟೇಬಲ್‌ನಲ್ಲಿ ಅಜ್ಜ ಐದು ವರ್ಷ ‘ಅರ್ಜಿ ಸಲ್ಲಿಸದವರು’, ಆರನೇ ವರ್ಷ ‘ಸಲ್ಲಿಸಿದವರು’. ಅಷ್ಟೇ. ಆ ಪಂಥದ ದೊಡ್ಡ ಹೆಸರಾದ ಡೇವಿಡ್ ಈಸ್ಟನ್ ಅವರೇ 1969ರಲ್ಲಿ ತಮ್ಮ ಸಂಘದ ಅಧ್ಯಕ್ಷ ಭಾಷಣದಲ್ಲಿ, ಲೆಕ್ಕದ ಚಂದಕ್ಕಿಂತ ಕಾಲದ ಸಂಕಟಕ್ಕೆ ಉತ್ತರ ಕೊಡುವುದು ಮುಖ್ಯ ಎಂಬ ಅರ್ಥದ ಮಾತು ಆಡಬೇಕಾಯಿತು. ನಾನು ಲೆಕ್ಕದ ವಿರೋಧಿ ಅಲ್ಲ. ಲೆಕ್ಕದಲ್ಲಿ ನನಗೆ ಮಾರ್ಕು ಕಡಿಮೆ ಇತ್ತು ಎಂಬುದು ಬೇರೆ ವಿಷಯ.

ಈ ಶಾಸ್ತ್ರಗಳ ನಡುವೆ ಬೇಲಿ ಹಾಕಿದ್ದು ಯಾವಾಗ ಎಂದು ನೋಡಿದರೆ ತೀರಾ ಈಚೆಗೆ. ಕೌಟಿಲ್ಯ ನಾಲ್ಕು ವಿದ್ಯೆ ಹೇಳುತ್ತಾನೆ: ಆನ್ವೀಕ್ಷಿಕಿ, ತ್ರಯೀ, ವಾರ್ತಾ, ದಂಡನೀತಿ. ವಾರ್ತಾ ಅಂದರೆ ಬೇಸಾಯ, ಪಶುಪಾಲನೆ, ವ್ಯಾಪಾರ. ದಂಡನೀತಿ ಅಂದರೆ ಆಳುವ ವಿದ್ಯೆ. ಆ ಎರಡನ್ನೂ ಒಟ್ಟಿಗೆ ಹೊಲಿದ ಪುಸ್ತಕದ ಹೆಸರು ‘ಅರ್ಥಶಾಸ್ತ್ರ’. ಅದರ ತಾಳೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ, ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದವರಿಗೂ ನನಗೂ ಕೌಟಿಲ್ಯ ಯಾರ ಪಾಲಿಗೆ ಎಂದು ಮೂವತ್ತು ವರ್ಷ ಜಗಳ. ಹೆಸರು ಅವರ ಕಡೆ, ಒಳಗಿನ ತಿರುಳು ನನ್ನ ಕಡೆ. ಇಂಗ್ಲೆಂಡಿನಲ್ಲೂ 19ನೇ ಶತಮಾನದ ಕೊನೆಯವರೆಗೆ ‘ರಾಜಕೀಯ ಅರ್ಥಶಾಸ್ತ್ರ’ ಎಂದೇ ಹೇಳುತ್ತಿದ್ದರು. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ಅವರ ಪುಸ್ತಕ ಬಂದ ಮೇಲೆ ‘ರಾಜಕೀಯ’ ಮೆಲ್ಲ ಉದುರಿಹೋಯಿತು. ಅಂದರೆ ನೀವು ಕಾಂಬಿನೇಶನ್ ಎಂದು ಆರಿಸಿಕೊಳ್ಳುತ್ತೀರಲ್ಲ, ಆ ಗೋಡೆಗಳಿಗೆ ವಯಸ್ಸು ನೂರು ಚಿಲ್ಲರೆ ವರ್ಷ. ಈ ಊರಿನ ಎಷ್ಟೋ ಮನೆಗಳು ಅದಕ್ಕಿಂತ ಹಳೆಯವು.

ಈಗ ಮಂಗಳೂರಿನ ಒಂದು ಮನೆಗೆ ಹೋಗೋಣ. ಬೆನೆಗಲ್ ಮನೆತನ. ಅಲ್ಲಿನ ಮೂವರು ಅಣ್ಣತಮ್ಮಂದಿರ ಹೆಸರು ಈ ಜಿಲ್ಲೆಯ ಪ್ರತಿ ಹುಡುಗನಿಗೂ ಗೊತ್ತಿರಬೇಕಿತ್ತು. ಕೈ ಎತ್ತಿ ಎಂದೆ, ನಾಲ್ಕು ಕೈ ಎದ್ದವು. ಅದರಲ್ಲಿ ಎರಡು ಅಧ್ಯಾಪಕರದ್ದು.

ದೊಡ್ಡವರು ಬೆನೆಗಲ್ ನರಸಿಂಗ ರಾವ್. 1887ರಲ್ಲಿ ಹುಟ್ಟಿದವರು. ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್, ಆಮೇಲೆ ಐ.ಸಿ.ಎಸ್. ಸಂವಿಧಾನ ಸಭೆಗೆ ಸಲಹೆಗಾರರಾಗಿ ಮೊದಲ ಕರಡು ತಯಾರು ಮಾಡಿದವರು. ಕರಡು ಸಮಿತಿ ಕೆಲಸ ಮಾಡಿದ್ದು ಅದನ್ನು ಮುಂದಿಟ್ಟುಕೊಂಡು. ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ, ತನಗೆ ಕೊಡುತ್ತಿರುವ ಹೆಗ್ಗಳಿಕೆಯಲ್ಲಿ ಒಂದು ಪಾಲು ರಾವ್ ಅವರದು ಎಂದು ತುಂಬಿದ ಸಭೆಯಲ್ಲಿ ಹೇಳಿದರು. ದೊಡ್ಡವರ ದೊಡ್ಡತನ ಅಂದರೆ ಅದು.

ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ವಿಷಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ವಿಧಿ, ಈಗಿನ 21ನೆಯದು. ಅಮೆರಿಕದ ಮಾತು ‘ಡ್ಯೂ ಪ್ರೊಸೆಸ್’, ಅಂದರೆ ನ್ಯಾಯವಾದ ಕ್ರಮ. ಆ ಎರಡು ಶಬ್ದ ಹಿಡಿದುಕೊಂಡು ಅಲ್ಲಿನ ಕೋರ್ಟು ಕೆಲಸದ ಗಂಟೆಗೆ ಮಿತಿ ಹಾಕುವ ಕಾನೂನನ್ನೂ ಹೊಡೆದುಹಾಕಿದ್ದುಂಟು. ಜನ ಆರಿಸಿದ ಸಭೆ ಮಾಡಿದ ಕಾನೂನನ್ನು ನಾಲ್ಕು ಜಡ್ಜರು ಹೀಗೆ ಅಳಿಸಬಹುದಾ ಎಂದು ಫ್ರಾಂಕ್‌ಫರ್ಟರ್‌ಗೇ ಅನುಮಾನ. ರಾವ್ ವಾಪಸ್ ಬಂದರು. ಕೊನೆಗೆ ನಮ್ಮ ಸಂವಿಧಾನದಲ್ಲಿ ಉಳಿದದ್ದು ‘ಕಾನೂನು ಗೊತ್ತುಪಡಿಸಿದ ಕ್ರಮ’. 1950ರಲ್ಲಿ ಮಲಬಾರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಜೈಲಿನಿಂದ ಕೇಸು ಹಾಕಿದಾಗ ಸುಪ್ರೀಂ ಕೋರ್ಟು ಆ ಮಾತನ್ನು ಅಕ್ಷರಕ್ಕೆ ಅಕ್ಷರ ಓದಿತು. 1978ರ ಮನೇಕಾ ಗಾಂಧಿ ಕೇಸಿನಲ್ಲಿ, ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಬದಲಾಯಿಸಿ ಓದಿತು. ನಡುವೆ ತುರ್ತು ಪರಿಸ್ಥಿತಿ ಬಂದು ಹೋಗಿತ್ತು. ವಿಧಿಯ ಒಂದಕ್ಷರ ಬದಲಾಗಲಿಲ್ಲ, ದೇಶ ಕಂಡದ್ದು ಬದಲಾಯಿತು. ಕಾನೂನು ಕಾಲೇಜಿನಲ್ಲಿ ಇದನ್ನು ತೀರ್ಪು ಎಂದು ಓದುತ್ತಾರೆ, ನಾವು ಇದನ್ನು ಜಡ್ಜರ ಮತ್ತು ಪಾರ್ಲಿಮೆಂಟಿನ ಹಗ್ಗಜಗ್ಗಾಟ ಎಂದು ಓದುತ್ತೇವೆ. ಎರಡನ್ನೂ ಓದದವನಿಗೆ ಅರ್ಧವೇ ಸಿಗುತ್ತದೆ.

ಅವರ ತಮ್ಮ ಬೆನೆಗಲ್ ರಾಮ ರಾವ್ 1949ರಿಂದ ರಿಸರ್ವ್ ಬ್ಯಾಂಕಿನ ಗವರ್ನರ್. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರಿಗೂ ಅವರಿಗೂ ಜಟಾಪಟಿ ಆಯಿತು. ಬ್ಯಾಂಕು ತನ್ನ ಇಲಾಖೆಯ ಒಂದು ಭಾಗ ಎಂಬುದು ಮಂತ್ರಿಗಳ ಧಾಟಿ. ನೆಹರೂ ಮಂತ್ರಿಗಳ ಕಡೆ ನಿಂತರು. 1957ರ ಜನವರಿಯಲ್ಲಿ ರಾಮ ರಾವ್ ರಾಜೀನಾಮೆ ಕೊಟ್ಟು ಹೊರಟರು. ಬಡ್ಡಿ ದರ ಎಷ್ಟಿರಬೇಕು ಎಂಬುದು ಅರ್ಥಶಾಸ್ತ್ರ. ಅದನ್ನು ಹೇಳುವ ಅಧಿಕಾರ ಯಾರಿಗೆ ಎಂಬುದು ನಮ್ಮ ಶಾಸ್ತ್ರ. ಆ ಜಗಳ ಇನ್ನೂ ಮುಗಿದಿಲ್ಲ, ಪೇಪರ್ ಓದುವವರಿಗೆ ಗೊತ್ತು.

ಇನ್ನೊಬ್ಬರು ಬಿ. ಶಿವ ರಾವ್. ಪತ್ರಕರ್ತರು, ಕಾರ್ಮಿಕ ಸಂಘಗಳಲ್ಲಿ ದುಡಿದವರು, ಸಂವಿಧಾನ ಸಭೆಯ ಸದಸ್ಯರು, ಮೊದಲ ಲೋಕಸಭೆಗೆ ನಮ್ಮ ಜಿಲ್ಲೆಯಿಂದಲೇ ಹೋದವರು. ಸಂವಿಧಾನ ಹೇಗೆ ರೂಪುಗೊಂಡಿತು ಎಂಬ ದಾಖಲೆಗಳನ್ನು ಸಂಪುಟ ಸಂಪುಟವಾಗಿ ಹೊರತಂದದ್ದು ಅವರ ಮುಂದಾಳತ್ವದಲ್ಲಿ. ಇವತ್ತಿಗೂ ಸಂಶೋಧಕರು ಮೊದಲು ಕೈ ಹಾಕುವುದು ಅದಕ್ಕೆ. ಮೂವರಲ್ಲಿ ಯಾರೂ ರಾಜ್ಯಶಾಸ್ತ್ರದ ಮೇಷ್ಟ್ರಾಗಿರಲಿಲ್ಲ. ನಮ್ಮ ಸಿಲೆಬಸ್‌ನ ಅರ್ಧ ಆ ಮನೆಯಿಂದ ಬಂದಿದೆ.

ಬ್ಯಾಂಕು ಎಂದ ಕೂಡಲೇ ಉಡುಪಿಯವರ ಕಿವಿ ನೆಟ್ಟಗಾಗುತ್ತದೆ. ಆಗಲೇಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಆದರೂ ಸರಿ ಎಂದು ತೆಗೆದುಕೊಂಡು ಹೋಗುವುದು. ಅರ್ಥಶಾಸ್ತ್ರದವರು ಇದನ್ನು ಸಣ್ಣ ಉಳಿತಾಯ ಎನ್ನುತ್ತಾರೆ. ಸಮಾಜಶಾಸ್ತ್ರದವರು ಯಾವ ಬ್ಯಾಂಕಿನ ಹಿಂದೆ ಯಾವ ಸಮುದಾಯ ಇತ್ತು ಎಂದು ನೋಡುತ್ತಾರೆ. 1969ರ ಜುಲೈ 19ಕ್ಕೆ ಇಂದಿರಾ ಗಾಂಧಿ 50 ಕೋಟಿಗಿಂತ ಜಾಸ್ತಿ ಠೇವಣಿ ಇದ್ದ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿ. ಸಣ್ಣವರಿಗೆ ಸಾಲ ಸಿಗಲಿ ಎಂಬುದು ಹೇಳಿದ ಕಾರಣ. ಅದೇ ತಿಂಗಳುಗಳಲ್ಲಿ ಕಾಂಗ್ರೆಸ್ಸು ಎರಡು ಹೋಳಾಗುತ್ತಿತ್ತು ಎಂಬುದು ಹೇಳದ ಕಾರಣ. 1970ರ ಫೆಬ್ರವರಿಯಲ್ಲಿ ಕೂಪರ್ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ರದ್ದು ಮಾಡಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಆಮೇಲೆ ಸಂವಿಧಾನಕ್ಕೇ ತಿದ್ದುಪಡಿ. 1980ರಲ್ಲಿ ಕಾರ್ಪೊರೇಶನ್, ವಿಜಯಾ ಕೂಡ ಸರ್ಕಾರದ್ದಾದವು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಬೋರ್ಡು ಇಳಿಸಿದ ದಿನ ಬೇಸರಪಟ್ಟವರು ಇಲ್ಲಿ ಎಷ್ಟು ಜನ ಇದ್ದೀರೋ. ಎರಡಾಣೆಯಿಂದ ಸಂವಿಧಾನದ ತಿದ್ದುಪಡಿವರೆಗೆ ಒಂದೇ ದಾರಿ. ಮಧ್ಯೆ ಎಲ್ಲೂ ‘ಇಲ್ಲಿಗೆ ಅರ್ಥಶಾಸ್ತ್ರ ಮುಗಿಯಿತು’ ಎಂಬ ಮೈಲುಗಲ್ಲು ಇಲ್ಲ.

ಉಳಿದವರನ್ನು ಬೇಗ ಮುಗಿಸುತ್ತೇನೆ, ಚಹಾ ಬಂದಿದೆ ಎಂದು ಸನ್ನೆ ಮಾಡುತ್ತಿದ್ದಾರೆ.

ಭೂಗೋಳ. ಬೈಂದೂರು ಯಾವ ಜಿಲ್ಲೆ? ಉಡುಪಿ. ಯಾವ ಲೋಕಸಭಾ ಕ್ಷೇತ್ರ? ಶಿವಮೊಗ್ಗ. ಮರವಂತೆಯ ಕಡಲ ಬದಿಯವನೂ ಘಟ್ಟದ ಮೇಲೆ ಅಡಿಕೆ ಸುಲಿಯುವವನೂ ಒಬ್ಬನೇ ಎಂ.ಪಿ.ಗೆ ಓಟು ಹಾಕಬೇಕು. ಉಡುಪಿಯ ಉಳಿದ ನಾಲ್ಕು ಕ್ಷೇತ್ರಗಳು ಚಿಕ್ಕಮಗಳೂರಿನ ಜೊತೆ. ನಡುವೆ ಸಹ್ಯಾದ್ರಿ ಇದೆ, ಆಗುಂಬೆ ಘಾಟಿಯ ತಿರುವುಗಳಿವೆ. ಆದರೆ 2008ರ ಪುನರ್ವಿಂಗಡಣೆ ಮುಖ್ಯವಾಗಿ ನೋಡಿದ್ದು ಜನಸಂಖ್ಯೆಯ ಸಮತೋಲ. ಮೀನುಗಾರನ ಡೀಸೆಲ್ ಸಬ್ಸಿಡಿಗೂ ಕಾಫಿ ತೋಟದ ಬೆಲೆಗೂ ಒಬ್ಬರೇ ಮಾತಾಡಬೇಕು.

ರಸಾಯನಶಾಸ್ತ್ರಕ್ಕೂ ಸಂಬಂಧ ಇದೆಯಾ ಸರ್ ಎಂದು ಒಬ್ಬ ತಮಾಷೆಗೆ ಕೇಳಿದ್ದ. ಬೆರಳು ತೋರಿಸು ಎಂದೆ. ಓಟಿನ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ, ಸಾಬೂನಿಗೆ ಹೋಗುವುದಿಲ್ಲ. 1962ರಿಂದ ಅದನ್ನು ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆ ಕೊಡುತ್ತಿದೆ. ಒಬ್ಬನಿಗೆ ಒಂದೇ ಓಟು ಎಂಬ ದೊಡ್ಡ ತತ್ವ ಕೊನೆಗೆ ಒಂದು ತೊಟ್ಟು ಶಾಯಿಯ ಮೇಲೆ ನಿಂತಿದೆ.

ಇನ್ನು ‘ವೋಟ್ ಬ್ಯಾಂಕ್’. ಟಿ.ವಿ.ಯಲ್ಲಿ ಎಲ್ಲ ಪಕ್ಷದವರೂ ಒಬ್ಬರ ಮೇಲೊಬ್ಬರು ಎಸೆಯುವ ಶಬ್ದ. ಅದು ರಾಜಕಾರಣಿ ಮಾಡಿದ್ದಲ್ಲ, ರಾಜ್ಯಶಾಸ್ತ್ರಜ್ಞ ಮಾಡಿದ್ದೂ ಅಲ್ಲ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1955ರಲ್ಲಿ ಒಂದು ಹಳ್ಳಿಯ ಬಗ್ಗೆ ಬರೆಯುವಾಗ ಬಳಸಿದ್ದು. ಊರಿನ ಯಜಮಾನ ತನ್ನ ಕೈಕೆಳಗಿನವರ ಓಟನ್ನು ಒಟ್ಟಾಗಿ ಕೊಡಿಸಬಲ್ಲ ಎಂಬುದು ಅದರ ಮೊದಲ ಅರ್ಥ. ಅಂದರೆ ಧಣಿ ಮತ್ತು ಒಕ್ಕಲಿನ ಕಥೆಯೇ. ಈಗ ಆ ಅರ್ಥ ಹೋಗಿ ಬೇರೇನೋ ಆಗಿದೆ. ಶಬ್ದ ಸಾಲ ತಂದವರು ಬಡ್ಡಿ ಕಟ್ಟಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಮೊದಲ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಇದೆಲ್ಲ ಸರಿ. ಪರೀಕ್ಷೆಯಲ್ಲಿ ಏನು ಬರೆಯೋದು?” ಎಂದಳು. ಸೀಲಿ ಹೆಸರು ಬರೆ, ಆರು ಉಪಶೀರ್ಷಿಕೆ ಹಾಕು, ಅಡಿಗೆರೆ ಎಳೆ, ಏಳು ಮಾರ್ಕು ಗ್ಯಾರಂಟಿ ಎಂದೆ. “ಉಳಿದ ಮೂರು?” ಎಂದಳು. ನಿಮ್ಮ ಮನೆಯಲ್ಲಿ ಏಳನೇ ನಂಬ್ರದ ಫಾರಂ ಯಾರು ಕೊಟ್ಟಿದ್ದರು, ಯಾರ ಮೇಲೆ ಕೊಟ್ಟಿದ್ದರು, ಕೇಳಿ ನೋಡು ಎಂದೆ. ಅವಳು ಸ್ವಲ್ಪ ಸುಮ್ಮನಿದ್ದು, “ಸರ್, ನಮ್ಮದು ಧಣಿಗಳ ಕಡೆ” ಎಂದಳು. ಸಭೆಯೆಲ್ಲ ನಕ್ಕಿತು, ಅವಳೂ ನಕ್ಕಳು. ಹಾಗಾದರೆ ಇನ್ನೂ ಒಳ್ಳೆಯದು, ಆ ಬದಿಯ ಕಥೆ ಬರೆದವರು ಕಡಿಮೆ ಎಂದೆ.

ಚಹಾ ಕುಡಿಯುವಾಗ ಬಿಳಿ ಪಂಚೆಯ ಹಿರಿಯರೊಬ್ಬರು ಹತ್ತಿರ ಬಂದರು. “ನಿಮ್ಮ ಅಜ್ಜನಿಗೆ ಎಷ್ಟಾಯಿತು?” ಎಂದು ಕೇಳಿದರು. ಒಂದು ಎಕ್ರೆ ಇಪ್ಪತ್ತು ಸೆಂಟ್ಸ್ ಎಂದೆ. “ಮತ್ತೆ ಅಕ್ಕಿ ಕೊಡುವುದನ್ನು ಬಿಟ್ಟರಾ?”

ಇಲ್ಲ ಎಂದೆ. ಆ ಧಣಿಗಳು ಇರುವವರೆಗೂ ಪ್ರತಿ ವರ್ಷ ಹೊಸ ಅಕ್ಕಿ ಊಟಕ್ಕೆ ಮೊದಲು ಒಂದು ಸಣ್ಣ ಮುಡಿ ಕಟ್ಟಿ ಹೊತ್ತುಕೊಂಡು ಹೋಗುತ್ತಿದ್ದರು. ಗದ್ದೆಯ ಪಟ್ಟೆ ಅಜ್ಜನ ಪೆಟ್ಟಿಗೆಯಲ್ಲೇ ಇತ್ತು.

“ನನ್ನ ಅಪ್ಪನೂ” ಎಂದರು ಅವರು. ಲೋಟ ಕೆಳಗಿಟ್ಟು, ಕುಂದಾಪುರದ ಬಸ್ಸಿಗೆ ಹೊತ್ತಾಯಿತು ಎಂದು ಕೊಡೆ ಬಿಡಿಸಿಕೊಂಡು ಹೊರಟರು.